ಈರಣ್ಣನ ಕಾಲಡಿಯ ಚೆಂಡು

ಈರಣ್ಣನ ಬಲಗಾಲಿಗೆ ಏನೋ ಕಾಯಿಲೆ ಇದೆ ಎಂದು ನಾನು ಬಹಳ ಕಾಲ ನಂಬಿದ್ದೆ.

ಅವರನ್ನು ಮೊದಲು ನೋಡಿದ್ದು ಜಪಾನಿನಲ್ಲಿ, ನಾನಿರುವ ಉರಯಾಸುವಿನ ಸಮುದಾಯ ಭವನದಲ್ಲಿ, ನಮ್ಮ ಕನ್ನಡ ಕೂಟದ ಯುಗಾದಿಯ ದಿನ. ಅಧ್ಯಕ್ಷರಾದ ಹರಿಹರ ಅವರು ಸ್ವಾಗತ ಭಾಷಣ ಮಾಡುತ್ತಿದ್ದರು. ಹರಿಹರ ಶಿನಾಗಾವಾದ ಒಂದು ಸಾಫ್ಟ್‌ವೇರ್ ಕಚೇರಿಯಲ್ಲಿ ದೊಡ್ಡ ಹುದ್ದೆಯವರು. ಅವರ ಸ್ವಾಗತ ಭಾಷಣ ಮುಗಿಯುವ ಹೊತ್ತಿಗೆ ಬಂದವರಲ್ಲಿ ಕೆಲವರು ಹೊರಟುಬಿಟ್ಟಿರುವುದರಿಂದ ವಂದನಾರ್ಪಣೆಯನ್ನೂ ಅದರಲ್ಲೇ ಸೇರಿಸುವುದು ನಮ್ಮ ಕೂಟದ ಪದ್ಧತಿ. ನಾನು ಗೋಡೆಗೆ ಒರಗಿ ನಿಂತಿದ್ದೆ. ಪಕ್ಕದಲ್ಲಿ ಕುಳ್ಳಗೆ, ಗಟ್ಟಿಮುಟ್ಟಾಗಿದ್ದ ಒಬ್ಬರು ಕೈಕಟ್ಟಿ ನಿಂತಿದ್ದರು. ಬೂಟು ಬಾಗಿಲ ಬಳಿ ಬಿಚ್ಚಿಟ್ಟು ಬಂದಿದ್ದರು. ಕಾಲುಚೀಲ ಹಾಕಿದ್ದ ಬಲಗಾಲನ್ನು ನೆಲದಿಂದ ಒಂದು ಗೇಣು ಮೇಲಕ್ಕೆ ಎತ್ತಿ, ಅಂಗಾಲನ್ನು ಗಾಳಿಯಲ್ಲೇ ಹಿಂದಕ್ಕೆ ಮುಂದಕ್ಕೆ, ಎಡಕ್ಕೆ ಬಲಕ್ಕೆ ಮೆಲ್ಲಗೆ ಆಡಿಸುತ್ತಿದ್ದರು. ಭಾಷಣ ಎಷ್ಟು ಹೊತ್ತು ನಡೆಯಿತೋ ಅಷ್ಟು ಹೊತ್ತೂ.

"ನೋವಾ?" ಎಂದು ಕೇಳಿದೆ.

"ಇಲ್ರಿ," ಎಂದರು.

ಇಲ್ಲ ಎನ್ನುವ ರೋಗಿಗಳನ್ನು ನಾನು ಬಹಳ ನೋಡಿದ್ದೇನೆ. ನಮ್ಮ ಮನೆತನದಲ್ಲಿ ವೈದ್ಯರು ಯಾರೂ ಇಲ್ಲದಿರುವುದರಿಂದ ಎಲ್ಲರೂ ವೈದ್ಯ ಮಾಡುತ್ತೇವೆ. ಮುಂದಿನ ಸಲ ಮೈಸೂರಿನಿಂದ ಬರುವಾಗ ಒಂದು ಸೀಸೆ ವಾತದ ಎಣ್ಣೆ ತಂದು, ಅವರಿದ್ದ ಅತ್ಸುಗಿಯವರೆಗೆ ಎರಡು ರೈಲು ಬದಲಿಸಿ ಹೋಗಿ ಕೊಟ್ಟುಬಂದೆ. ಅವರು ಜಪಾನಿಯರ ಹಾಗೆ ಎರಡೂ ಕೈಯಲ್ಲಿ ಈಸಿಕೊಂಡು ತಲೆಬಾಗಿದರು. ಅದರ ಮುಂದಿನ ಭೇಟಿಯಲ್ಲಿ ಅವರ ಹೆಂಡತಿ ಪ್ರಭಾ ನಿಜ ಹೇಳಿದರು.

"ಅಯ್ಯೋ, ಅದು ಕಾಯಿಲೆ ಅಲ್ಲ ಪ್ರಹ್ಲಾದ್ ಅವ್ರೇ. ಅದು ಚೆಂಡು."

"ಎಲ್ಲಿದೆ ಚೆಂಡು?"

"ಇಲ್ಲ. ಅದೇ ಕಷ್ಟ. ರೈಲಿಗೆ ಕಾಯುವಾಗ, ಬ್ಯಾಂಕಿನ ಸಾಲಿನಲ್ಲಿ, ದೇವಸ್ಥಾನದಲ್ಲಿ, ಎಲ್ಲ ಕಡೆ ಇವರ ಕಾಲ ಕೆಳಗೆ ಒಂದು ಚೆಂಡು ಇರುತ್ತೆ. ಮದುವೆ ಮಂಟಪದಲ್ಲೂ ಇತ್ತು. ನಮ್ಮ ತಂದೆ ಹುಡುಗನಿಗೆ ಕಾಲು ಜೋಮು ಹಿಡಿದಿದೆ ಅಂದ್ಕೊಂಡಿದ್ರು."

ನನ್ನ ಎಣ್ಣೆಯನ್ನು ಬಾಲ್ಕನಿಯ ಬಾಗಿಲಿಗೆ ಹಾಕಿದ್ದರಂತೆ. ಬಾಗಿಲು ಪೂರ್ತಿ ಗುಣವಾಗಿತ್ತು.

ಈರಣ್ಣ ಬೆಳಗಾವಿಯವರು. ಅಲ್ಲಿ ಡಿಪ್ಲೊಮಾ ಓದುತ್ತಿದ್ದಾಗ ಕಾಲೇಜಿನ ಫುಟ್‌ಬಾಲ್ ತಂಡದಲ್ಲಿ ಮೈದಾನದ ನಡುವೆ ಆಡುತ್ತಿದ್ದರು. ಚೆಂಡು ಬಂದರೆ ಎಲ್ಲರ ಹಾಗೆ ತಕ್ಷಣ ಒದೆಯದೆ, ಅಂಗಾಲಿನ ಕೆಳಗೆ ಹಿಡಿದಿಟ್ಟುಕೊಂಡು, ಎದುರಿನವನು ತಾಳ್ಮೆಗೆಟ್ಟು ಮೈಮೇಲೆ ಬರುವ ತನಕ ಉರುಳಿಸುತ್ತಾ ನಿಲ್ಲುವುದು ಅವರ ವರಸೆ. ಅದನ್ನು ನೋಡಲೆಂದೇ ಜನ ಬರುತ್ತಿದ್ದರು ಎಂದು ನನಗೆ ಹೇಳಿದವರು ಪ್ರಭಾ. ಪ್ರಭಾ ಮೈಸೂರಿನವರು, ಬೆಳಗಾವಿಯನ್ನು ನೋಡಿದ್ದು ಮದುವೆಯಾದ ಮೇಲೆ.

ಡಿಪ್ಲೊಮಾ ಮುಗಿದ ವರ್ಷ ಈರಣ್ಣನನ್ನು ಹುಡುಕಿಕೊಂಡು ಇಬ್ಬರು ಬಂದರು. ಒಬ್ಬರು ಬೆಂಗಳೂರಿನ ಸರ್ಕಾರಿ ಸ್ವಾಮ್ಯದ ಕಾರ್ಖಾನೆಯೊಂದರ ಕ್ರೀಡಾ ಅಧಿಕಾರಿ. ಆ ಕಾಲದಲ್ಲಿ ಬೆಂಗಳೂರಿನ ದೊಡ್ಡ ಕಾರ್ಖಾನೆಗಳಿಗೆಲ್ಲ ಒಂದೊಂದು ಫುಟ್‌ಬಾಲ್ ತಂಡವಿತ್ತು. ಚೆನ್ನಾಗಿ ಆಡುವ ಹುಡುಗನಿಗೆ ನೌಕರಿಯನ್ನೇ ಕೊಡುತ್ತಿದ್ದರು. ಅರ್ಧ ದಿನ ಕೆಲಸ, ಅರ್ಧ ದಿನ ಆಟ. ಪ್ರಾವಿಡೆಂಟ್ ಫಂಡು, ಕ್ಯಾಂಟೀನು, ಅಪ್ಪ ಅಮ್ಮನಿಗೂ ಆಸ್ಪತ್ರೆ. ಇನ್ನೊಬ್ಬ ಕಲ್ಕತ್ತಾದ ಕ್ಲಬ್ಬೊಂದರ ಏಜೆಂಟ್. ಸ್ಟೇಷನ್ನಿನ ಎದುರಿನ ಲಾಡ್ಜಿನಲ್ಲಿ ಇಳಿದಿದ್ದ ಅವನು ಪೇಪರಿನಲ್ಲಿ ಸುತ್ತಿದ್ದ ಕಟ್ಟನ್ನು ಚಹಾದ ಬಸಿಯ ಪಕ್ಕ ಇಟ್ಟ. ಕಾರ್ಖಾನೆಯಲ್ಲಿ ಹಲವು ವರ್ಷ ದುಡಿದರೆ ಬರುವಷ್ಟು ರೊಕ್ಕ, ಒಂದೇ ಸೀಸನ್ನಿಗೆ.

"ಆಮ್ಯಾಲೆ?" ಎಂದು ಈರಣ್ಣ ಕೇಳಿದ್ದರು.

"ಆಮೇಲಿನದು ಆಟ ನೋಡಿ," ಎಂದಿದ್ದ ಅವನು.

ಅದೇ ಹೊತ್ತಿಗೆ ಪ್ರಭಾ ಅವರ ಕಡೆಯಿಂದ ಮದುವೆಯ ಮಾತು ಬಂದಿತ್ತು. ಪ್ರಭಾ ಅವರ ತಂದೆ ನಂಜುಂಡಸ್ವಾಮಿ ಮೇಷ್ಟರು ಮೈಸೂರಿನಿಂದ ಒಂದು ಹಗಲಿಡೀ ಪ್ರಯಾಣ ಮಾಡಿ ಬಂದು, ಉಪ್ಪಿಟ್ಟು ತಿಂದು, ಹುಡುಗನನ್ನು ಒಂದೇ ಪ್ರಶ್ನೆ ಕೇಳಿದರು: "ಪರ್ಮನೆಂಟಾ?"

"ನಾ ಹೌದ್ರಿ ಅಂದೆ," ಎಂದು ಈರಣ್ಣ ಹೇಳಿದರು. "ಅಷ್ಟ. ಕಲ್ಕತ್ತಾ ಅಲ್ಲಿಗೆ ಮುಗೀತು. ಆ ಏಜೆಂಟ್ ಭಾಳ ನಕ್ಕ. ಚಹಾದ ಬಿಲ್ ನನ್ನ ಕಡೆನ ಕೊಡಿಸಿ ಹೋದ."

ಬೆಂಗಳೂರಿನ ಅಶೋಕನಗರದ ಸ್ಟೇಡಿಯಂನಲ್ಲಿ ಕೆಲವು ವರ್ಷ ಆಡಿದರು. ಆಮೇಲೆ ಕಾರ್ಖಾನೆಗೆ ಹೊಸ ಮೇಲಧಿಕಾರಿ ಬಂದು, ಚೆಂಡು ಒದೆಯುವುದರಿಂದ ಉತ್ಪಾದನೆ ಹೆಚ್ಚುವುದಿಲ್ಲ ಎಂದು ಕಂಡುಹಿಡಿದು ತಂಡವನ್ನು ನಿಲ್ಲಿಸಿದರು. ನೌಕರಿಗೆ ಏನೂ ಆಗಲಿಲ್ಲ, ಅದು ಪರ್ಮನೆಂಟ್ ಆಗಿತ್ತು. ಚೆಂಡು ಮಾತ್ರ ಟೆಂಪರರಿ. ಈರಣ್ಣನಿಗೆ ಆಗಿನ್ನೂ ಮೂವತ್ತು ಆಗಿರಲಿಲ್ಲ. ಬೂಟುಗಳನ್ನು ತೊಳೆದು, ಒಣಗಿಸಿ, ಗೇರ್‌ಬಾಕ್ಸಿನ ಕೆಲಸವನ್ನು ಗಮನವಿಟ್ಟು ಕಲಿತರು. ಆ ಕೆಲಸವೇ ಅವರನ್ನು ಬಿಡದಿಯ ಜಪಾನಿ ಕಂಪನಿಗೆ ಕೊಂಡೊಯ್ದು, ಅಲ್ಲಿಂದ ಅತ್ಸುಗಿಗೆ ಕಳಿಸಿತು. ಕಾಲಡಿಯ ಚೆಂಡು ವೀಸಾ ಇಲ್ಲದೆಯೇ ಜೊತೆಗೆ ಬಂತು.

ಮಗಳು ಅಪೂರ್ವಾ ಜಪಾನಿಗೆ ಬಂದಾಗ ಒಂದನೆಯ ತರಗತಿಯ ಮಗು. ಶಾಲೆಯಲ್ಲಿ ಯಾರ ಮಾತೂ ಅರ್ಥವಾಗದೆ ಮೈದಾನದ ಅಂಚಿನಲ್ಲಿ ನಿಂತಿರುತ್ತಿದ್ದಳು. ಒಂದು ದಿನ ಹುಡುಗರ ಚೆಂಡು ಹತ್ತಿರ ಬಂದಾಗ, ಒದೆಯದೆ ಅಂಗಾಲಿನ ಕೆಳಗೆ ನಿಲ್ಲಿಸಿ, ಉರುಳಿಸುತ್ತಾ ಅವರು ಬರುವುದನ್ನೇ ಕಾದಳಂತೆ. ಯಾರೂ ಕಲಿಸಿದ್ದಲ್ಲ, ಮನೆಯಲ್ಲಿ ಅಪ್ಪ ಹಲ್ಲುಜ್ಜುವಾಗ ನೋಡಿದ್ದು. ಸಂಜೆಯೊಳಗೆ ಅವಳಿಗೆ ಗೆಳೆಯರಿದ್ದರು.

ಅಲ್ಲಿಂದ ಮುಂದೆ ಈರಣ್ಣನ ಭಾನುವಾರಗಳೆಲ್ಲ ಮಗಳ ಮೈದಾನಗಳಲ್ಲೇ ಕಳೆದವು. ಬೇರೆ ತಂದೆಯರ ಜೊತೆ ಸುಣ್ಣದ ಗೆರೆ ಎಳೆಯುವರು, ಬಾರ್ಲಿ ಟೀ ಹೊರುವರು. ಪಾಲಕರು ಹೊರಗಿನಿಂದ ಕೂಗಿ ಆಟ ಹೇಳಿಕೊಡಬಾರದು ಎಂದು ಕೋಚ್ ಮೊದಲ ದಿನವೇ ಹೇಳಿದ್ದರು. ಬೆಳಗಾವಿಯ ಗಂಟಲು ಹಾಗೆ ಹದಿನೈದು ವರ್ಷ ಬಾಯಿ ಮುಚ್ಚಿಕೊಂಡು ನಿಂತಿತು. ಮಗಳು ಕ್ಯೋಟೋದ ವಿಶ್ವವಿದ್ಯಾಲಯ ಸೇರಿ ಅಲ್ಲಿಯ ಮಹಿಳಾ ತಂಡದಲ್ಲಿ ಆಡತೊಡಗಿದ ಮೇಲೆ, ಬುಲೆಟ್ ರೈಲಿನ ದುಡ್ಡು ಉಳಿಸಲು ರಾತ್ರಿ ಬಸ್ಸು ಹಿಡಿದು ಹೋಗಿ, ಒಂದು ಪಂದ್ಯ ನೋಡಿ, ಕೊಂಬಿನಿ ಎಂಬ ಹಗಲುರಾತ್ರಿಯ ಅಂಗಡಿಯಲ್ಲಿ ಒಂದು ಅನ್ನದ ಉಂಡೆ ಕೊಂಡು ತಿಂದು, ಮರಳಿ ಬಸ್ಸು ಹತ್ತುತ್ತಿದ್ದರು.

ಆಮೇಲೆ ಕೊರೊನಾ ಬಂತು. ವಿಶ್ವವಿದ್ಯಾಲಯ ಮುಚ್ಚಿತು, ತಂಡದ ಅಭ್ಯಾಸ ನಿಂತಿತು, ಅಪೂರ್ವಾ ಅತ್ಸುಗಿಗೆ ಬಂದಳು. ಈರಣ್ಣನ ಕಾರ್ಖಾನೆಯೂ ಬಿಡಿಭಾಗಗಳಿಲ್ಲದೆ ಆಗಾಗ ನಿಲ್ಲುತ್ತಿತ್ತು, ಸಂಬಳ ಮಾತ್ರ ನಿಲ್ಲುತ್ತಿರಲಿಲ್ಲ. ನಾವೆಲ್ಲ ಉರಯಾಸುವಿನಲ್ಲಿ ಬಾಗಿಲು ಹಾಕಿಕೊಂಡು ಹಿಟ್ಟು ನಾದುವುದನ್ನು ಕಲಿಯುತ್ತಿದ್ದಾಗ, ಅಪ್ಪ ಮಗಳು ದಿನಾ ಬೆಳಿಗ್ಗೆ ಸಗಾಮಿ ನದಿಯ ದಂಡೆಗೆ ಹೋಗಿ, ಸೇತುವೆಯ ಕೆಳಗೆ, ಮಾಸ್ಕ್ ಹಾಕಿಕೊಂಡು ಚೆಂಡಾಡುತ್ತಿದ್ದರು. ಇಪ್ಪತ್ತು ವರ್ಷದ ಮೇಲೆ ಈರಣ್ಣನ ಕಾಲಿನ ಕೆಳಗೆ ಕಣ್ಣಿಗೆ ಕಾಣುವ ಚೆಂಡು ಬಂದಿತ್ತು.

"ಆ ದಿನಾ ಚಲೋ ಇದ್ವು ಸರ," ಎಂದು ಒಮ್ಮೆ ಫೋನಿನಲ್ಲಿ ಹೇಳಿದರು. ದನಿ ತಗ್ಗಿಸಿ, ಪಕ್ಕದಲ್ಲಿ ಯಾರೋ ಇರುವ ಹಾಗೆ ಹೇಳಿದರು. "ಹಂಗ ಅನಬಾರದು. ಮಂದಿ ಸಾಯಾಕತ್ತಿದ್ರು. ಆದ್ರೂ ಚಲೋ ಇದ್ವು."

ಮುಂದಿನ ವರ್ಷ, ಅಪೂರ್ವಾ ಕೊನೆಯ ವರ್ಷದಲ್ಲಿದ್ದಾಗ, ಅವಳನ್ನು ಹುಡುಕಿಕೊಂಡೂ ಇಬ್ಬರು ಬಂದರು.

ಆ ಶರತ್ಕಾಲದಲ್ಲಿ ಜಪಾನಿನಲ್ಲಿ ಮಹಿಳೆಯರಿಗಾಗಿ ವೃತ್ತಿಪರ ಲೀಗ್ ಹೊಸದಾಗಿ ಶುರುವಾಗುವುದರಲ್ಲಿತ್ತು. ಅದುವರೆಗೆ ಚೆನ್ನಾಗಿ ಆಡುವ ಹೆಂಗಸರೂ ಹಗಲು ಸೂಪರ್‌ಮಾರ್ಕೆಟ್ಟಿನಲ್ಲಿ ಬಿಲ್ ಹಾಕಿ ಸಂಜೆ ಆಡುತ್ತಿದ್ದರು. ಇನ್ನು ಮುಂದೆ ಆಟಕ್ಕೇ ಸಂಬಳ. ಅಂಥದೊಂದು ಕ್ಲಬ್ಬು ಅಪೂರ್ವಾಳನ್ನು ಕರೆಯಿತು, ಒಂದು ವರ್ಷದ ಕರಾರಿಗೆ. ಇನ್ನೊಂದು ಕಡೆ ಶಿಜುವೊಕಾದ ಬೇರಿಂಗ್ ಕಂಪನಿ. ಅವರದು ವೃತ್ತಿಪರವಲ್ಲದ ಹಳೆಯ ಲೀಗಿನಲ್ಲಿ ಆಡುವ ತಂಡ. ಮೂರು ಗಂಟೆಯ ತನಕ ಕಚೇರಿ, ಆಮೇಲೆ ಮೈದಾನ. ಆಡಿದರೂ ನೌಕರಿ, ಕಾಲು ಮುರಿದರೂ ನೌಕರಿ, ಅರವತ್ತರ ತನಕ.

ಬೆಳಗಾವಿಯ ಲಾಡ್ಜು ಮತ್ತು ಉಪ್ಪಿಟ್ಟು ಎರಡೂ ಎದ್ದು ಜಪಾನಿಗೆ ಬಂದ ಹಾಗಾಯಿತು.

ಕನ್ನಡ ಕೂಟಕ್ಕೆ ವಿಷಯ ತಿಳಿಯಿತು. ನಮ್ಮಲ್ಲಿ ಒಬ್ಬರೂ ಫುಟ್‌ಬಾಲ್ ಆಡಿದವರಲ್ಲ, ಆದ್ದರಿಂದ ಅಭಿಪ್ರಾಯಗಳಿಗೆ ಅಡ್ಡಿಯಿರಲಿಲ್ಲ. ವೃತ್ತಿಪರ ಎಂದ ಕೂಡಲೇ ಕೋಟಿಗಳ ಲೆಕ್ಕ ಹಾಕಿದವರಿದ್ದರು. ಕ್ಲಬ್ಬಿನ ಸಂಬಳ ಬೇರಿಂಗ್ ಕಂಪನಿಗಿಂತ ತುಸುವೇ ಹೆಚ್ಚು ಎಂದು ತಿಳಿದಾಗ ಅವರಿಗೆ ಅಪೂರ್ವಾಳ ಮೇಲೆಯೇ ಸಿಟ್ಟು ಬಂತು. ಹರಿಹರ ಒಂದು ಪ್ರೆಸೆಂಟೇಶನ್ ಮಾಡಿ ಗುಂಪಿಗೆ ಕಳಿಸಿದರು. ಎಡಕ್ಕೆ ಕ್ಲಬ್ಬು, ಬಲಕ್ಕೆ ಕಂಪನಿ, ಕೊನೆಯ ಪುಟದಲ್ಲಿ ಹರಿಹರ ಅವರ ಫೋಟೋ.

ಮಾತಾಡದೆ ಇದ್ದವರು ಈರಣ್ಣ ಒಬ್ಬರೇ. ಪ್ರಭಾ ನನಗೆ ಫೋನ್ ಮಾಡಿದರು. ನಾನು ಕೂಟದ ವಾರ್ಷಿಕ ಸಂಚಿಕೆಯಲ್ಲಿ ಹಾಸ್ಯ ಬರೆಯುವುದರಿಂದ ಮನುಷ್ಯರ ಮನಸ್ಸು ತಿಳಿಯುತ್ತದೆ ಎಂದು ಅವರು ನಂಬಿದ್ದರು.

"ನೀವಾದ್ರೂ ಇವರ ಬಾಯಿ ಬಿಡಿಸಿ. ಮಗಳು ದಿನಾ ಕೇಳ್ತಾಳೆ, ಅಪ್ಪಾ ಏನ್ ಮಾಡ್ಲಿ ಅಂತ. ಇವರು ಗೋಡೆ ನೋಡ್ತಾರೆ, ಕಾಲು ಆಡಿಸ್ತಾರೆ."

"ನಿಮ್ಮ ಮನಸ್ಸಿನಲ್ಲಿ ಏನಿದೆ?"

"ನನ್ನದನ್ನ ಕೇಳೋದೇನು? ನಾನು ನಂಜುಂಡಸ್ವಾಮಿ ಮೇಷ್ಟರ ಮಗಳು."

ಈರಣ್ಣನಿಗೆ ಫೋನ್ ಮಾಡಿದೆ. ಹವಾಮಾನ, ಲಸಿಕೆ, ಬೆಂಗಳೂರಿನ ಟಿಕೆಟ್ಟಿನ ದರ ಎಲ್ಲ ಮುಗಿದ ಮೇಲೆ ಕೇಳಿದೆ.

"ಹೇಳಿದ್ರ ಅದು ನನ್ನ ಕಲ್ಕತ್ತಾ ಆಗ್ತೈತ್ರಿ ಸರ," ಎಂದರು. "ಆಕಿ ಟಿಕೆಟ್ ಮ್ಯಾಲೆ ನಾ ರೈಲು ಹತ್ತಿದಂಗ."

"ಆದರೂ, ಒಳಗೆ ಏನಿದೆ?"

ಹಿಂದೆ ಎಲ್ಲೋ ಕುಕ್ಕರ್ ಕೂಗಿತು.

"ಕ್ಲಬ್ಬಿಗೆ ಹೋಗ್ಲಿ ಅಂತ ಐತಿ. ಭಾಳ ಐತಿ. ಅದಕ್ಕ ಬಾಯಿ ಮುಚ್ಚಿಕೊಂಡೇನಿ."

ಸೆಪ್ಟೆಂಬರಿನಲ್ಲಿ ಗಣೇಶ ಚೌತಿ ಬಂತು. ನನ್ನ ಮನೆಯವರು ಮೈಸೂರಿಗೆ ಹೋಗಿ, ವಿಮಾನ ನಿಂತು, ಅಲ್ಲೇ ಉಳಿದಿದ್ದರು. ಒಂಟಿ ಗಂಡಸು ಚೌತಿಯ ದಿನ ಬ್ರೆಡ್ ತಿನ್ನುವುದು ಬೇಡ ಎಂದು ಪ್ರಭಾ ಕರೆದರು. ಅಪೂರ್ವಾಳೂ ಕ್ಯೋಟೋದಿಂದ ಬಂದಿದ್ದಳು. ಬಾಗಿಲು ತೆರೆದವಳು ಅವಳೇ.

"ಅಂಕಲ್, ಬರ್ರಿ, ಇರಾಶ್ಶಾಯ್. ಅಮ್ಮ ಈಸ್ ಸೂಪರ್ ಟೆನ್ಸ್," ಎಂದಳು. ಅವಳ ಕನ್ನಡದಲ್ಲಿ ಅರ್ಧ ಬೆಳಗಾವಿ, ಅರ್ಧ ಮೈಸೂರು. ಉಳಿದ ಅರ್ಧ ಬೇರೆ ಎರಡು ದೇಶಗಳದು. ಲೆಕ್ಕ ಕೂಡುವುದಿಲ್ಲ, ಮಾತು ಮಾತ್ರ ಕೂಡುತ್ತದೆ.

ಎಲ್ಲರೂ ಸೇರುವಂತಿಲ್ಲವಾದ್ದರಿಂದ ಹರಿಹರ ಆ ವರ್ಷ ಜೂಮ್‌ನಲ್ಲಿ ಸಾಮೂಹಿಕ ಪೂಜೆ ಇಟ್ಟಿದ್ದರು. ಬಸವನಗುಡಿಯಿಂದ ಪುರೋಹಿತರು ಮಂತ್ರ ಹೇಳುವುದು, ಜಪಾನಿನ ಮನೆಮನೆಗಳಲ್ಲಿ ನಾವು ಹೂವು ಏರಿಸುವುದು. ಮಂತ್ರ ತಡವಾಗಿ ತಲಪುತ್ತಿದ್ದರಿಂದ ದೀಪ ತೋರಿಸಿ ಎಂದಾಗ ಗಂಧ ಹಚ್ಚುತ್ತಿದ್ದೆವು. ಹನ್ನೆರಡಕ್ಕೆ ಮಂಗಳಾರತಿ ಎಂದು ಹೇಳಿದ್ದರು. ಹನ್ನೆರಡಕ್ಕೆ ಹರಿಹರ, "ಎರಡೇ ಮಾತು" ಎಂದರು.

ಅಪೂರ್ವಾ ಪದೇ ಪದೇ ಗಡಿಯಾರ ನೋಡುವುದನ್ನು ನಾನು ಗಮನಿಸಿದೆ, ಹಸಿವು ಎಂದುಕೊಂಡೆ. ಅವಳ ಲೆಕ್ಕ ಬೇರೆಯೇ ಇತ್ತು. ಊಟಕ್ಕೆ ಕೂತಾಗ ಅಪ್ಪ ಅಮ್ಮನಿಗೆ ಒಂದು ವಿಷಯ ಹೇಳಬೇಕು, ಒಂದೂವರೆಗೆ ಒಂದು ಫೋನ್ ಬರುತ್ತದೆ, ಅಷ್ಟರಲ್ಲಿ ಎಲ್ಲ ಸರಿಹೋಗಿರುತ್ತದೆ. ಜಪಾನಿನಲ್ಲಿ ಬೆಳೆದ ಹುಡುಗಿ, ಕನ್ನಡ ಕೂಟದ ಪೂಜೆಯನ್ನು ಗಡಿಯಾರದ ಮೇಲೆ ಇಟ್ಟು ಲೆಕ್ಕ ಹಾಕಿದ್ದಳು.

ಹರಿಹರ ಅವರ ಎರಡನೆಯ ಮಾತು ನಡೆಯುತ್ತಿರುವಾಗ, ಸರಿಯಾಗಿ ಒಂದೂವರೆಗೆ, ಈರಣ್ಣನ ಫೋನ್ ಹೊಡೆದುಕೊಂಡಿತು.

ಇಲ್ಲಿಯ ಕಂಪನಿಗಳಲ್ಲಿ ಒಂದು ಪದ್ಧತಿ ಇದೆ. ಕಾಲೇಜು ಮುಗಿಸುವವರು ಕೆಲಸಕ್ಕೆ ಒಪ್ಪಿದ ಮೇಲೆ, ಕೆಲವು ಕಂಪನಿಯವರು ತಂದೆತಾಯಿಗೂ ಫೋನ್ ಮಾಡಿ, ನಿಮ್ಮ ಒಪ್ಪಿಗೆಯೂ ಇದೆಯೇ ಎಂದು ಕೇಳುತ್ತಾರೆ. ಮನೆಯವರ ಮಾತು ಕೇಳಿ ಮಕ್ಕಳು ಕೊನೆಯ ಗಳಿಗೆಯಲ್ಲಿ ಕೈಕೊಡಬಾರದಲ್ಲ. ಈರಣ್ಣ ಲ್ಯಾಪ್‌ಟಾಪಿನ ಪಕ್ಕದಲ್ಲೇ ಎದ್ದು ನಿಂತು ಫೋನ್ ಹಿಡಿದರು. ಆ ಕಡೆಯ ಹೆಣ್ಣುದನಿ ಬಹಳ ವಿನಯದಿಂದ, ನಮಗೆಲ್ಲ ಕೇಳುವಷ್ಟು ಸ್ಪಷ್ಟವಾಗಿ ಮಾತಾಡಿತು. ಬೇರಿಂಗ್ ಕಂಪನಿಯಿಂದ ಮಾತಾಡುತ್ತಿದ್ದೇವೆ, ತಮ್ಮ ಮಗಳು ನಮ್ಮಲ್ಲಿಗೆ ಬರಲು ಒಪ್ಪಿದ್ದಾರೆ, ತಂದೆಯವರ ಅಭಿಪ್ರಾಯ ತಿಳಿಯಬಹುದೇ?

ಪ್ರಭಾ ಅವರಿಗೆ ಇಂಥ ವಿನಯದ ಜಪಾನಿ ಅಷ್ಟು ತಿಳಿಯುವುದಿಲ್ಲ. ಅವರು ಕರ್ಪೂರ ಹುಡುಕುತ್ತಿದ್ದರು. ಅಪೂರ್ವಾ ಆರತಿ ತಟ್ಟೆ ಹಿಡಿದುಕೊಂಡು ಕಂಬದ ಹಾಗೆ ನಿಂತಿದ್ದಳು. ಈರಣ್ಣ ಮಗಳ ಮುಖ ನೋಡಿದರು. ನಾನು ಅವರ ಕಾಲು ನೋಡಿದೆ. ಇಷ್ಟು ವರ್ಷಗಳಲ್ಲಿ ಮೊದಲ ಸಲ ಆ ಬಲಗಾಲು ಎಲ್ಲರ ಕಾಲಿನ ಹಾಗೆ ನೆಲದ ಮೇಲಿತ್ತು.

ಬೇಡ ಎನ್ನಬಹುದಿತ್ತು. ಒಂದೇ ಮಾತು. ತಂದೆ ಬೇಡ ಎಂದರೆ ಆ ಕಂಪನಿ ಎರಡು ಸಲ ಕ್ಷಮೆ ಕೇಳಿ ಫೋನ್ ಇಟ್ಟುಬಿಡುತ್ತಿತ್ತು.

"ಸೆಯ್‌ಶಾಇನ್ ದೆಸು ಕಾ?" ಎಂದು ಕೇಳಿದರು ಈರಣ್ಣ.

ಜಪಾನಿ ಭಾಷೆಯಲ್ಲಿ "ಪರ್ಮನೆಂಟಾ?" ಎಂದು ಕೇಳುವುದು ಹಾಗೆ.

ಆ ಕಡೆಯ ದನಿ ಹೌದು, ಖಂಡಿತ, ಎಂದಿತು.

"ಈರಣ್ಣ ಅವ್ರೇ, ದಯವಿಟ್ಟು ಮ್ಯೂಟ್ ಮಾಡಿ," ಎಂದು ಲ್ಯಾಪ್‌ಟಾಪಿನಿಂದ ಹರಿಹರ.

ಈರಣ್ಣ ಫೋನಿಗೆ ನಡು ಬಗ್ಗಿಸಿ, ಮಗಳನ್ನು ನೋಡಿಕೊಳ್ಳಿ, ಎಂಬರ್ಥದ ಮಾತನ್ನು ಇಲ್ಲಿಯ ಸಂಪ್ರದಾಯದಂತೆ ಪೂರ್ತಿಯಾಗಿ ಹೇಳಿ, ಆ ಕಡೆಯವರು ಇಡುವ ತನಕ ಕಾದು, ಆಮೇಲೆ ಇಟ್ಟರು.

"ಯಾರ್ರೀ ಅದು, ಹಬ್ಬದ ದಿನ?" ಪ್ರಭಾ ಕೇಳಿದರು.

"ಹೆಣ್ಣು ಕೇಳಾಕ ಫೋನ್ ಮಾಡಿದ್ರು. ಕೊಟ್ಟೆ."

ವಿಷಯ ತಿಳಿದ ಮೇಲೆ ಪ್ರಭಾ ಹಿಗ್ಗಬೇಕಿತ್ತು. ಅವರಿಗೆ ಬೇಕಾದದ್ದೇ ಆಗಿತ್ತು. ಅವರು ಕರ್ಪೂರದ ಡಬ್ಬಿ ಹಿಡಿದು ಕುರ್ಚಿಯ ಮೇಲೆ ಕೂತು, ಗಂಡನ ಮುಖ ನೋಡಿ, "ನಿಮಗೆ ಬೇರೆ ಆಸೆ ಇತ್ತಲ್ಲ," ಎಂದರು. ಆಮೇಲೆ ಮಗಳ ಕಡೆ ತಿರುಗಿದರು. "ಒಂದು ಮಾತು ಹೇಳಬಾರದಿತ್ತೇನೇ?"

"ಲಂಚ್‌ನಲ್ಲಿ ಹೇಳ್ಬೇಕಂತ ಇದ್ದೆ. ಹರಿಹರ ಅಂಕಲ್ ವುಡ್ ನಾಟ್ ಸ್ಟಾಪ್."

ಈರಣ್ಣ ಲ್ಯಾಪ್‌ಟಾಪಿನ ಮುಚ್ಚಳವನ್ನು ಮೆಲ್ಲಗೆ ಮುಚ್ಚಿದರು. ಕೂಟದ ಇತಿಹಾಸದಲ್ಲಿ ಅಧ್ಯಕ್ಷರ ಭಾಷಣವನ್ನು ನಿಲ್ಲಿಸಿದವರು ಅವರೊಬ್ಬರೇ.

"ಯಾಕವ್ವಾ?" ಎಂದು ಕೇಳಿದರು.

ಅಪೂರ್ವಾ ಆರತಿ ತಟ್ಟೆ ಕೆಳಗಿಟ್ಟಳು. "ಕ್ಲಬ್‌ನಲ್ಲಿ ನನ್ನ ಜಾಗಕ್ಕೆ ಆಲ್ರೆಡಿ ಇಬ್ಬರಿದ್ದಾರೆ ಅಪ್ಪಾ. ಐ ವಿಲ್ ಸಿಟ್ ಆನ್ ದ ಬೆಂಚ್. ಒಂದು ವರ್ಷ ಕೂತು, ಆಮೇಲೆ ಅರಿಗಾತೋ, ಬೈ ಬೈ. ಸ್ಟೇಡಿಯಂಗೆ ಜನಾನೂ ಬರೋ ಹಂಗಿಲ್ಲ ಈಗ. ದುಡ್ಡಿಲ್ಲ ಅಂದ್ರೆ ಫಸ್ಟ್ ಕಳಿಸೋದು ನನ್ನನ್ನೇ. ಇಲ್ಲಿ ಎವ್ರಿ ವೀಕ್ ಆಡ್ತೀನಿ. ದೇ ಪೇ ಮಿ ಫಾರ್ ಬೇರಿಂಗ್ಸ್. ಫುಟ್‌ಬಾಲ್‌ಗೆ ಯಾರೂ ದುಡ್ಡು ಕೊಡಲ್ಲ. ಅಂದ್ರೆ ಅದು ನಂದು."

"ನಿಂದಲ್ಲವ್ವಾ," ಎಂದರು ಈರಣ್ಣ. ಆ ಮಾತಿನಲ್ಲಿ ಕೋಪವಿರಲಿಲ್ಲ. "ಅದೂ ಕಂಪನಿದ. ಒಬ್ಬ ಹೊಸ ಸಾಹೇಬ ಬರ್ತಾನ, ಟೀಮ್ ಬ್ಯಾಡ ಅಂತಾನ. ನೌಕರಿ ಇರ್ತೈತಿ, ಮುಂಜಾನೆ ಎದ್ದು ಹೋಗ್ತಿ. ಚೆಂಡು ಇರಂಗಿಲ್ಲ. ಅದು ಹೆಂಗಿರ್ತೈತಿ ನನಗ ಗೊತ್ತೈತಿ."

"ಗೊತ್ತು. ಅವಾಗ ಡೆಸ್ಕ್ ಕೆಳಗೆ ಹಿಂಗ್ ಮಾಡ್ತೀನಿ," ಎಂದು ಅವಳು ಬಲಗಾಲು ಒಂದು ಗೇಣು ಎತ್ತಿ, ಅಂಗಾಲನ್ನು ಹಿಂದಕ್ಕೆ ಮುಂದಕ್ಕೆ, ಎಡಕ್ಕೆ ಬಲಕ್ಕೆ ಆಡಿಸಿ ತೋರಿಸಿದಳು. ನಗಿಸಲೆಂದೇ ಮಾಡಿದ್ದು. ಯಾರೂ ನಗಲಿಲ್ಲ. ಅವಳೂ ಕಾಲು ಕೆಳಗಿಟ್ಟು, "ನಿಮಗೆ ಬೇಕಿತ್ತು ಅಂತ ಗೊತ್ತು ಅಪ್ಪಾ. ಗೋಮೆನ್," ಎಂದಳು.

ಗೋಮೆನ್ ಎಂದರೆ ತಪ್ಪಾಯ್ತು ಎಂದು. ಈರಣ್ಣ, "ಕಡುಬು ತಣ್ಣಗಾಗ್ತಾವ," ಎಂದರು.

ಮಂಗಳಾರತಿಯನ್ನು ಪುರೋಹಿತರಿಲ್ಲದೆ ನಾವೇ ಮಾಡಿದೆವು. ಊಟವಾದ ಮೇಲೆ ಅಪ್ಪ ಮಗಳು ನದಿಯ ದಂಡೆಗೆ ಹೊರಟರು, ಅರಗಲಿ ಎಂದು ನಾನೂ ಹೋದೆ. ಸೇತುವೆಯ ಕೆಳಗೆ ಅವರಿಬ್ಬರೂ ಬಹಳ ಹೊತ್ತು ಆಡಿದರು. ಈರಣ್ಣ ಚೆಂಡನ್ನು ಕಾಲಡಿಯಲ್ಲಿ ಹಿಡಿದು ಉರುಳಿಸುತ್ತಾ ನಿಲ್ಲುವರು, ಅವಳು ಕಸಿಯಲು ಬರಬೇಕು, ಅದು ಆಟ. ಆ ದಿನ ಅವಳು ಬೇಗ ಬರಲಿಲ್ಲ. ಅವರೂ ಬಿಡಲಿಲ್ಲ. ಮೇಲೆ ಸೇತುವೆಯ ಮೇಲೆ ಲಾರಿಗಳು ಹೋಗುತ್ತಿದ್ದವು.

ಮುಂದಿನ ವಸಂತದಲ್ಲಿ ಅಪೂರ್ವಾ ಶಿಜುವೊಕಾಗೆ ಹೋದಳು. ಕಂಪನಿಯ ಹಾಸ್ಟೆಲು, ಕಂಪನಿಯ ನೀಲಿ ಜಾಕೆಟ್ಟು, ರಫ್ತು ವಿಭಾಗದಲ್ಲಿ ಮೇಜು. ಅತ್ಸುಗಿಯ ಮನೆಯಲ್ಲಿ ಅವಳ ಹಳೆಯ ಚೆಂಡು ಬೂಟಿನ ಗೂಡಿನಲ್ಲಿ, ಛತ್ರಿಗಳ ಪಕ್ಕ ಉಳಿಯಿತು. ಗಾಳಿ ಇಳಿಯದ ಹಾಗೆ ಈರಣ್ಣ ಆಗಾಗ ಪಂಪು ಹೊಡೆಯುತ್ತಾರೆ ಎಂದು ಪ್ರಭಾ ಹೇಳಿದರು. ಆದರೆ ಅದನ್ನು ಹೊರಗೆ ಒಯ್ಯುವುದಿಲ್ಲ.

ಅವಳ ಮೊದಲ ಪಂದ್ಯಗಳಲ್ಲಿ ಒಂದಕ್ಕೆ ಈರಣ್ಣ ನನ್ನನ್ನೂ ಕರೆದುಕೊಂಡು ಹೋದರು. ಸಣ್ಣ ಮೈದಾನ, ದೂರದಲ್ಲಿ ಚಹಾ ತೋಟಗಳ ಸಾಲು, ಸಾಲು ಬಿಟ್ಟು ಸಾಲು ಕೂತ ಜನ. ಕೂಗಿ ಪ್ರೋತ್ಸಾಹಿಸಬೇಡಿ, ಚಪ್ಪಾಳೆ ಮಾತ್ರ ತಟ್ಟಿ ಎಂದು ಎಲ್ಲ ಕಡೆ ಫಲಕ. ಅಂಗಡಿಯ ಮುದುಕಿಯಿಂದ ಹಿಡಿದು ಕಂಪನಿಯ ಅಧ್ಯಕ್ಷರವರೆಗೆ ಎಲ್ಲರೂ ಮಾಸ್ಕ್ ಹಾಕಿಕೊಂಡು ಸಂಗೀತ ಕಛೇರಿಗೆ ಬಂದವರ ಹಾಗೆ ಕೂತಿದ್ದರು. ಆಟಗಾರ್ತಿಯರು ಒಬ್ಬರನ್ನೊಬ್ಬರು ಕೂಗುವುದು ಮೇಲಿನ ಸಾಲಿನವರೆಗೆ ಕೇಳುತ್ತಿತ್ತು.

ಎರಡನೆಯ ಅರ್ಧದಲ್ಲಿ ಚೆಂಡು ಅಪೂರ್ವಾಳ ಹತ್ತಿರ ಬಂತು. ಎಡಗಡೆಯ ಗೆರೆಯ ಬಳಿ, ನಮ್ಮ ಎದುರಿಗೇ. ಅವಳು ಅದನ್ನು ಅಂಗಾಲಿನ ಕೆಳಗೆ ನಿಲ್ಲಿಸಿದಳು. ಒದೆಯಲಿಲ್ಲ. ಉರುಳಿಸುತ್ತಾ ನಿಂತಳು. ಎದುರು ತಂಡದ ಹುಡುಗಿ ಒಂದು ಹೆಜ್ಜೆ ಇಟ್ಟು ಅನುಮಾನಿಸಿದಳು. ನನ್ನ ಪಕ್ಕದಲ್ಲಿ ಈರಣ್ಣನ ಬಲಗಾಲು ಸೀಟಿನ ಕೆಳಗೆ ಎದ್ದಿತ್ತು. ಮಗಳ ಕಾಲು ಎಡಕ್ಕೆ ಹೋದರೆ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ಮಾಸ್ಕಿನ ಒಳಗೆ ಏನೋ ಹೇಳುತ್ತಿದ್ದರು, ಬಟ್ಟೆ ಮಾತ್ರ ಅಲ್ಲಾಡಿತು. ಆ ಹುಡುಗಿ ಕೊನೆಗೂ ತಾಳ್ಮೆಗೆಟ್ಟು ಮೇಲೆ ಬಿದ್ದಳು. ಅಪೂರ್ವಾ ಅವಳ ಪಕ್ಕದಿಂದ ಚೆಂಡನ್ನು ಜಾರಿಸಿ, ದೂರದ ಗೆಳತಿಗೆ ಉದ್ದಕ್ಕೆ ಒದ್ದಳು. ಜನ ಚಪ್ಪಾಳೆ ತಟ್ಟಿದರು. ಈರಣ್ಣ ತಟ್ಟಲಿಲ್ಲ, ಅವರ ಕಣ್ಣು ಚೆಂಡಿನ ಹಿಂದೆ ಹೋಗಿರಲಿಲ್ಲ. ಅದು ಹೋದ ಮೇಲೆ ಖಾಲಿಯಾದ ಜಾಗದಲ್ಲಿ ನಿಂತಿದ್ದ ಮಗಳನ್ನೇ ನೋಡುತ್ತಿದ್ದರು.

ಪಂದ್ಯ ಮುಗಿದ ಮೇಲೆ ಅವಳು ಬೇಲಿಯ ಆ ಕಡೆಯಿಂದ ಎರಡೂ ಕೈ ಬೀಸಿ, ತಂಡದ ಬಸ್ಸಿಗೆ ಹೋದಳು. ಹತ್ತಿರ ಬಂದು ಮಾತಾಡುವಂತಿರಲಿಲ್ಲ, ನಿಯಮ.

ನಾವು ಸ್ಟೇಷನ್ನಿಗೆ ನಡೆದೆವು. ಸಣ್ಣ ಊರು, ರೈಲಿಗೆ ಬಹಳ ಹೊತ್ತಿತ್ತು. ಪ್ಲಾಟ್‌ಫಾರ್ಮಿನಲ್ಲಿ ನಾವಿಬ್ಬರೇ. ಈರಣ್ಣ ಕೈಕಟ್ಟಿ ನಿಂತರು, ಬಲಗಾಲು ಮೆಲ್ಲಗೆ ಒಂದು ಗೇಣು ಮೇಲೆದ್ದಿತು. ನನಗೆ ಏನಾದರೂ ಸಮಾಧಾನ ಹೇಳಬೇಕು ಎನಿಸಿತು. ಸಮಾಧಾನ ಹೇಳಲು ಹೊರಟಾಗ ನನ್ನ ಬಾಯಿಯಿಂದ ಸಾಮಾನ್ಯವಾಗಿ ಪೆದ್ದು ಪ್ರಶ್ನೆಯೇ ಬರುತ್ತದೆ.

"ಅಲ್ಲ ಈರಣ್ಣ, ಇಷ್ಟು ವರ್ಷದಿಂದ ಅದನ್ನ ಉರುಳಿಸ್ತಾನೇ ಇದ್ದೀರಲ್ಲ, ಒಂದು ಸಲಾನಾದ್ರೂ ಒದ್ದುಬಿಡಬಾರದಾ?"

ಅವರು ನನ್ನನ್ನು, ವಾತದ ಎಣ್ಣೆ ಕೊಟ್ಟ ದಿನ ನೋಡಿದ ಹಾಗೆಯೇ ನೋಡಿದರು.

"ಒದ್ರ ಹೋಗ್ತೈತಲ್ರಿ ಸರ."